ಹಾಲುಹಲ್ಲು ಬೀಳೋ ಮುಂಚೆನೇ ಹಿಂದೆ ಹೊಸ ಹಲ್ಲು ಬಂದಾಗ ನಾವು ಮಾಡಿದ್ದು

ಮಗಳಿಗೆ ಆರು ತುಂಬಿತ್ತು ಅಷ್ಟೇ, ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ನಾಲಿಗೆ ಕಡೆಗೆ ಇನ್ನೊಂದು ಸಾಲು ಏಳೋಕೆ ಶುರುವಾಯ್ತು, ಹಾಲುಹಲ್ಲು ಎರಡೂ ಇನ್ನೂ ಜಾಗ ಬಿಟ್ಟಿರಲಿಲ್ಲ. ಮೊಬೈಲ್ ಟಾರ್ಚ್ ಬಿಟ್ಟು ನೋಡಿದ್ರೆ ಹೊಸ ಹಲ್ಲಿನ ಅಂಚು ಗರಗಸದ ಥರ, ಮೂರು ಪುಟ್ಟ ಗುಬುಟು, ಬಣ್ಣನೂ ಒಂಚೂರು ಹಳದಿ. ಅದಕ್ಕೆಲ್ಲ ಗಾಬರಿ ಬೇಡ, ಶಾಶ್ವತ ಬಾಚಿಹಲ್ಲು ಬರೋದೇ ಹಾಗೆ, ಕಚ್ಚಿ ಕಚ್ಚಿ ಅಂಚು ಸವೆಯುತ್ತೆ.

ಯಾಕೆ ಹೀಗಾಗುತ್ತೆ ಅಂದ್ರೆ ಹೊಸ ಹಲ್ಲು ಮೇಲೆ ಬರ್ತಾ ಬರ್ತಾ ಹಾಲುಹಲ್ಲಿನ ಬೇರು ಕರಗಬೇಕು, ಆಗ ಅದು ಸಡಿಲ ಆಗಿ ಬೀಳುತ್ತೆ, ಆದ್ರೆ ಕೆಳಗಿನ ಮುಂದಿನ ಹಲ್ಲುಗಳ ಮೊಳಕೆ ಇರೋದೇ ಆ ಬೇರಿನ ಹಿಂದೆ, ಅದು ಬೇರನ್ನ ಕರಗಿಸದೆ ಪಕ್ಕದಿಂದ ಜಾರಿ ಬಂದ್ರೆ ಹಳೇದು ಹಂಗೇ ನಿಂತ್ಕೊಳ್ಳುತ್ತೆ.

ನಾವು ನೋಡಿದ್ದು ಒಂದೇ, ಹಾಲುಹಲ್ಲು ಅಲ್ಲಾಡ್ತಿದ್ಯಾ ಇಲ್ವಾ. ಒಂದು ಚೆನ್ನಾಗೇ ಅಲ್ಲಾಡ್ತಿತ್ತು. ಅಜ್ಜಿ ದಾರ ಕಟ್ಟಿ ಎಳೀರಿ ಅಂದ್ರು, ಬೇಡ ಅಂದೆ. ಕೈ ತೊಳೆದು ಅವಳೇ ಬೆರಳಲ್ಲಿ ಹಿಂದೆ ಮುಂದೆ ಆಡಿಸೋದು, ಸೇಬು, ಕ್ಯಾರೆಟ್ಟು, ಸೀಬೆಕಾಯಿ ಮುಂದಿನ ಹಲ್ಲಲ್ಲೇ ಕಚ್ಚೋದು, ಇಷ್ಟೇ. ಒಂದಿನ ಸೀಬೆಕಾಯಲ್ಲೇ ಸಿಕ್ಕಾಕೊಂಡು ಬಂತು. (ಸಗಣಿಲಿ ಸುತ್ತಿ ಹೆಂಚಿನ ಮೇಲೆ ಎಸೀಬೇಕು ಅಂತ ಅಜ್ಜಿ, ಅಪಾರ್ಟ್‌ಮೆಂಟಲ್ಲಿ ಸಗಣಿನೂ ಇಲ್ಲ ಹೆಂಚೂ ಇಲ್ಲ, ಕೊನೆಗೆ ಊರಿಗೆ ಹೋದಾಗ ಆಯ್ತು ಆ ಶಾಸ್ತ್ರ.)

ಇನ್ನೊಂದು ಮಾತ್ರ ಕಲ್ಲು. ಎರಡು ತಿಂಗಳಾದ್ರೂ ಕದಲಲಿಲ್ಲ, ಹಿಂದಿನದು ಅರ್ಧಕ್ಕಿಂತ ಜಾಸ್ತಿ ಬಂದಾಗಿತ್ತು. ಮಕ್ಕಳ ಹಲ್ಲಿನ ಡಾಕ್ಟ್ರು ಎಕ್ಸ್‌ರೇ ತೆಗೆದು ತೋರಿಸಿದ್ರು, ಬೇರು ಇನ್ನೂ ಉದ್ದಕ್ಕಿತ್ತು. ಮೊದಲು ಒಸಡಿಗೆ ಜೆಲ್ ಹಚ್ಚಿ ಆಮೇಲೆ ಇಂಜೆಕ್ಷನ್, ತೆಗೆಯೋಕೆ ಎಷ್ಟೊತ್ತೂ ಹಿಡೀಲಿಲ್ಲ. ಮನೆಗೆ ಬಂದ್ಮೇಲೇ ಕಷ್ಟ, ಮರಗಟ್ಟಿದ ತುಟಿನ ಮಕ್ಕಳು ಗೊತ್ತಿಲ್ದೆ ಕಚ್ಚಿ ಗಾಯ ಮಾಡ್ಕೋತಾರೆ, ಸ್ಪರ್ಶ ವಾಪಸ್ ಬರೋವರ್ಗೂ ತಿನ್ನೋಕೆ ಕೊಡದೆ ಎದುರಿಗೇ ಕೂತಿದ್ದೆ. ಸಂಜೆ ತಣ್ಣಗಿನ ಮೊಸರನ್ನ.

ಆಮೇಲೆ ಮುಂದೆ ತಳ್ಳೋ ಕೆಲಸ ನಾಲಿಗೆದೇ. ತಿಂಗಳುಗಟ್ಟಲೆ ಹಿಡೀತು, ಈಗ ಎರಡೂ ಸಾಲಿಗೆ ಬಂದಿವೆ, ಒಂದು ಸ್ವಲ್ಪ ತಿರುಚಿದೆ, ಡಾಕ್ಟ್ರು ಸದ್ಯಕ್ಕೆ ಕ್ಲಿಪ್ ಏನೂ ಬೇಡ, ದವಡೆ ಇನ್ನೂ ಬೆಳೀಬೇಕು ಅಂದ್ರು.

ಆದ್ರೆ ಇದೆಲ್ಲ ಕೆಳಗಿನ ಹಲ್ಲಿನ ಮಾತು. ಮೇಲಿನ ಮುಂದಿನ ಹಲ್ಲಿನ ಹಿಂದೆ ಬಂದ್ರೆ ನಾನಾದ್ರೆ ಕಾಯಲ್ಲ, ಬಾಯಿ ಮುಚ್ಚಿದಾಗ ಅದು ಕೆಳಗಿನ ಹಲ್ಲಿನ ಹಿಂದೆ ಸಿಕ್ಕಾಕೊಂಡ್ರೆ ತಾನಾಗೇ ಮುಂದೆ ಬರೋದು ಕಷ್ಟ, ಬೇಗ ತೋರಿಸಿ. ಮತ್ತೆ ಟಾರ್ಚ್ ಹಿಡಿದಾಗ ಕೊನೇ ತನಕ ನೋಡಿ, ಇದೇ ವಯಸ್ಸಿಗೆ ಹಾಲುಹಲ್ಲುಗಳ ಆಚೆ ಮೊದಲ ಶಾಶ್ವತ ದವಡೆ ಹಲ್ಲೂ ಬರುತ್ತೆ, ಯಾವ ಹಲ್ಲೂ ಬೀಳದೆ ಬರೋದ್ರಿಂದ ಗೊತ್ತೇ ಆಗಲ್ಲ, ಬ್ರಷ್ಷೂ ಅಲ್ಲಿವರ್ಗೂ ಹೋಗಿರಲ್ಲ.