ಅಜ್ಜಿ-ತಾತನ ಜೊತೆ ಆರ್‌ವಿಯಲ್ಲಿ ಡೆಲ್ ವ್ಯಾಲಿ ಕೆರೆಗೆ: ಒಂದು ದಿನದ ಟ್ರಿಪ್ ಹೀಗೆ ಮಾಡಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ) ಬೇಸಿಗೆ ಅಂದರೆ ಊರಿಂದ ಅಪ್ಪ-ಅಮ್ಮ ಬಂದಿರುತ್ತಾರೆ, ಮಕ್ಕಳಿಗೆ ಸ್ಕೂಲ್ ರಜೆ, ಎಲ್ಲರೂ ಸೇರಿ ಎಲ್ಲಿಗಾದರೂ ಹೋಗೋಣ ಅನ್ನಿಸುತ್ತದೆ. ಮಕ್ಕಳಿಗೆ ನೀರು ಸಿಕ್ಕರೆ ಸಾಕು. ದೊಡ್ಡವರು ಮಾತ್ರ ಬಿಸಿಲಲ್ಲಿ ಎರಡು ಗಂಟೆ ಕೂತು ಸುಸ್ತಾಗಿ "ಹೊರಡೋಣ್ವಾ" ಅಂತಾರೆ. ಆರ್‌ವಿ, ಅಂದರೆ ಒಳಗೇ ಹಾಸಿಗೆ, ಸ್ಟವ್, ಟಾಯ್ಲೆಟ್ ಇರುವ ಬಾಡಿಗೆ ಗಾಡಿ ಇದ್ದರೆ ಅವರಿಗೆ ಊಟ ಆದಮೇಲೆ ಕಾಲು ಚಾಚಿ ಮಲಗೋಕೆ ಹಾಸಿಗೆ ಇರುತ್ತದೆ, ಟಾಯ್ಲೆಟ್ಟಿಗೆ ದೂರ ನಡೆಯುವಂತಿಲ್ಲ, ಒದ್ದೆ ಬಟ್ಟೆ ಬದಲಾಯಿಸೋಕೂ ಜಾಗ ಉಂಟು. ಒಂದೇ ದಿನಕ್ಕೆ ಅಷ್ಟು ಖರ್ಚು ಯಾಕೆ ಅಂತ ಕೇಳುವವರಿದ್ದಾರೆ. ವಯಸ್ಸಾದವರೂ ಚಿಕ್ಕವರೂ ಇರುವ ಮನೆಗೆ ಅದು ದಂಡವಲ್ಲ.

ಡೆಲ್ ವ್ಯಾಲಿ ಇರುವುದು ಲಿವರ್‌ಮೋರ್ ಊರಿಂದ ದಕ್ಷಿಣಕ್ಕೆ ಸುಮಾರು 10 ಮೈಲಿ ದೂರದಲ್ಲಿ, ಗುಡ್ಡಗಳ ನಡುವೆ. ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರು, ಉದ್ದ ಸುಮಾರು 5 ಮೈಲಿ. ಪಾರ್ಕ್ ನೋಡಿಕೊಳ್ಳುವುದು ಈಸ್ಟ್ ಬೇ ರೀಜನಲ್ ಪಾರ್ಕ್ ಡಿಸ್ಟ್ರಿಕ್ಟ್. ಈಜುವುದಕ್ಕೆಂದೇ ಬೀಚ್ ಮಾಡಿದ್ದಾರೆ.

ಮೊದಲು ನೀರಿನ ಸ್ಥಿತಿ ನೋಡಿ

ಗಾಡಿ ಬುಕ್ ಮಾಡುವಾಗ ಒಮ್ಮೆ, ಹೊರಡುವ ದಿನ ಬೆಳಿಗ್ಗೆ ಇನ್ನೊಮ್ಮೆ, ಪಾರ್ಕ್ ಡಿಸ್ಟ್ರಿಕ್ಟ್‌ನ ವೆಬ್‌ಸೈಟ್‌ನಲ್ಲಿ ನೀರಿನ ಗುಣಮಟ್ಟದ ಪುಟ ತೆರೆಯಿರಿ. ಬೇಸಿಗೆಯಲ್ಲಿ ಈ ಕೆರೆಗೆ ನೀಲಿ-ಹಸಿರು ಪಾಚಿಯ ಕಾಟ ಇದೆ, ಅದು ವಿಷ ಬಿಡಬಹುದು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಮೂರು ಹಂತದ ಫಲಕಗಳಿವೆ. 'ಕಾಷನ್' ಇದ್ದರೆ ಈಜಬಹುದು, ಆದರೆ ಪಾಚಿ ತೇಲುವ ಕಡೆ ಹೋಗಬಾರದು. 'ವಾರ್ನಿಂಗ್' ಅಂದರೆ ಈಜುವಂತಿಲ್ಲ. 'ಡೇಂಜರ್' ಅಂದರೆ ನೀರಿಗೆ ಕಾಲೂ ಇಡಬೇಡಿ. ಹಾಗಾಗಿ ಬುಕ್ ಮಾಡುವಾಗ ಕ್ಯಾನ್ಸಲ್ ಮಾಡಿದರೆ ಎಷ್ಟು ಹಣ ವಾಪಸ್ ಬರುತ್ತೆ ಅಂತ ಕೇಳದೆ ದುಡ್ಡು ಕಟ್ಟಬೇಡಿ.

ಗಾಡಿ ಚಿಕ್ಕದಿರಲಿ

ಕ್ಯಾಲಿಫೋರ್ನಿಯಾದಲ್ಲಿ 40 ಅಡಿವರೆಗಿನ ಮೋಟಾರ್‌ಹೋಮ್‌ಗೆ (ತನ್ನದೇ ಎಂಜಿನ್ ಇರುವ ಆರ್‌ವಿಗೆ) ಮಾಮೂಲಿ ಕಾರಿನ ಲೈಸೆನ್ಸ್ ಸಾಕು. ಹಾಗಂತ ದೊಡ್ಡದು ತಗೋಬೇಡಿ. 25 ಅಡಿಯ ಒಳಗಿನದು ಒಂದು ದಿನಕ್ಕೆ ಧಾರಾಳ. ಎಷ್ಟು ಜನ ಮಲಗಬಹುದು ಅನ್ನುವ ಲೆಕ್ಕ ನಿಮಗೆ ಬೇಡ, ಎಷ್ಟು ಸೀಟ್ ಬೆಲ್ಟ್ ಇದೆ ಅಂತ ಕೇಳಿ. ಮಗುವಿನ ಕಾರ್ ಸೀಟ್ ಮುಂದಕ್ಕೆ ಮುಖ ಮಾಡಿದ ಸೀಟಿಗೇ ಕಟ್ಟಬೇಕು, ಪಕ್ಕಕ್ಕೆ ತಿರುಗಿದ ಸೋಫಾ ಆಗುವುದಿಲ್ಲ. ಗಾಡಿ ಓಡುವಾಗ ಅಜ್ಜಿ ಹಾಸಿಗೆಯಲ್ಲಿ ಮಲಗುವಂತಿಲ್ಲ, ಯಾರೂ ಎದ್ದು ಕಾಫಿ ಬಿಸಿ ಮಾಡುವಂತಿಲ್ಲ. ಇದನ್ನು ಮನೆಯಲ್ಲೇ ಎಲ್ಲರಿಗೂ ಹೇಳಿಬಿಡಿ.

ಗಾಡಿಯನ್ನು ಹಿಂದಿನ ಸಂಜೆಯೇ ತನ್ನಿ. ಗ್ಯಾಸ್‌ನಲ್ಲಿ ನಡೆಯುವ ಆರ್‌ವಿ ಫ್ರಿಡ್ಜ್ ತಣ್ಣಗಾಗೋಕೆ ಒಂದು ರಾತ್ರಿಯೇ ಬೇಕು, ಗಾಡಿ ಸಮತಟ್ಟಾಗಿಯೂ ನಿಂತಿರಬೇಕು. ಮೊಸರನ್ನ, ಹಣ್ಣು, ನೀರಿನ ಬಾಟಲಿ ಮನೆಯ ಫ್ರಿಡ್ಜ್‌ನಲ್ಲಿ ತಣ್ಣಗಾದ ಮೇಲೇ ಅದರೊಳಗೆ ಇಡಿ. ನೀರಿನ ಟ್ಯಾಂಕ್ ಪೂರ್ತಿ ತುಂಬಿಸಬೇಡಿ. 20 ಗ್ಯಾಲನ್ ನೀರು ಅಂದರೆ ಸುಮಾರು 75 ಕೆಜಿ ಭಾರ, ಕೈಕಾಲು ತೊಳೆಯೋಕೆ, ಟಾಯ್ಲೆಟ್ಟಿಗೆ ಅಷ್ಟು ಸಾಕು. ಪುಳಿಯೋಗರೆ, ಚಪಾತಿ ಮನೆಯಲ್ಲೇ ಮಾಡಿಕೊಳ್ಳಿ. ಜುಲೈನಲ್ಲಿ ಅಲ್ಲಿ 38 ಡಿಗ್ರಿ ದಾಟುವ ದಿನಗಳಿರುತ್ತವೆ, ಅಂಥ ಸೆಕೆಯಲ್ಲಿ ಗಾಡಿಯೊಳಗೆ ಸ್ಟವ್ ಹಚ್ಚಿದರೆ ಮಲಗಿದ ತಾತನಿಗೇ ಕಷ್ಟ. ಟೀ ಮಾಡಿಕೊಳ್ಳಿ, ಅಷ್ಟೇ.

ದಾರಿಯಲ್ಲಿ

ಫ್ರೀಮಾಂಟ್ ಕಡೆಯಿಂದ 680 ಹೈವೇ ಹಿಡಿದು, 84ನೇ ಹೈವೇಯಲ್ಲಿ ಲಿವರ್‌ಮೋರ್‌ಗೆ ಬನ್ನಿ. ಪೆಟ್ರೋಲ್ ಅಲ್ಲೇ ಹಾಕಿಸಿ, ಹಾಕಿಸುವ ಮೊದಲು ಗ್ಯಾಸ್ ಸಿಲಿಂಡರ್ ಬಂದ್ ಮಾಡಿ. ಅಲ್ಲಿಂದ ಮೈನ್ಸ್ ರೋಡ್, ಆಮೇಲೆ ಡೆಲ್ ವ್ಯಾಲಿ ರೋಡ್. ಇಲ್ಲಿ ತಿರುವು ಜಾಸ್ತಿ, ನಿಧಾನ ಹೋಗಿ. ಇಳಿಜಾರಿನಲ್ಲಿ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಇಳಿಯಬೇಡಿ, ಕೆಳಗಿನ ಗೇರ್‌ಗೆ ಹಾಕಿ. ತಿರುಗಿಸುವಾಗ ಗಾಡಿಯ ಹಿಂಭಾಗ ಎದುರು ದಿಕ್ಕಿಗೆ ಹೊರಳುತ್ತದೆ ಅನ್ನುವುದೂ ನೆನಪಿರಲಿ. ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿ. ಲಿವರ್‌ಮೋರ್‌ನ ಶಿವ-ವಿಷ್ಣು ದೇವಸ್ಥಾನಕ್ಕೂ ಹೋಗಿಬಿಡೋಣ ಅಂತ ಅಮ್ಮ ಖಂಡಿತ ಕೇಳುತ್ತಾರೆ. ಅದು ಮನೆಗಳ ನಡುವೆ ಇದೆ, ಆರ್‌ವಿ ಒಯ್ಯಬೇಡಿ, ಇನ್ನೊಂದು ದಿನ ಕಾರಲ್ಲಿ ಕರೆದುಕೊಂಡು ಹೋಗಿ.

ಕೆರೆಯ ದಡದಲ್ಲಿ

ವಾರಾಂತ್ಯವಾದರೆ ಗೇಟ್ ತೆರೆಯುವ ಹೊತ್ತಿಗೇ ತಲುಪಿ. ಉದ್ದ ಗಾಡಿಗೆ ಎಲ್ಲಿ ಜಾಗ ಅಂತ ಗೇಟ್‌ನಲ್ಲೇ ಕೇಳಿ. ಮರದ ನೆರಳು ಸಿಕ್ಕರೆ ನೀರಿನಿಂದ ಸ್ವಲ್ಪ ದೂರವಾದರೂ ಅದನ್ನೇ ಆರಿಸಿ, ಬಿಸಿಲಲ್ಲಿ ನಿಂತ ಆರ್‌ವಿ ಬೇಗ ಕಾದ ಕಾವಲಿಯಾಗುತ್ತದೆ. ಗಾಳಿ ಎದ್ದರೆ ಪಕ್ಕದ ಆನಿಂಗ್ (ನೆರಳಿಗೆ ಬಿಚ್ಚುವ ಬಟ್ಟೆಯ ಚಪ್ಪರ) ತಕ್ಷಣ ಮಡಚಿ.

ಈಜು ಬಾರದ ಮಕ್ಕಳಿಗೆ ಗಾಳಿ ತುಂಬುವ ಟ್ಯೂಬ್ ರಕ್ಷಣೆಯಲ್ಲ. ಅಮೆರಿಕದ ಕೋಸ್ಟ್ ಗಾರ್ಡ್ ಒಪ್ಪಿದ ಲೈಫ್ ಜಾಕೆಟ್ಟೇ ಬೇಕು, ಮಗುವಿನ ತೂಕಕ್ಕೆ ಸರಿಯಾದದ್ದು. ಲೈಫ್‌ಗಾರ್ಡ್ ಇದ್ದರೂ ಮನೆಯ ಒಬ್ಬ ದೊಡ್ಡವರು ಫೋನ್ ಬದಿಗಿಟ್ಟು ಮಕ್ಕಳನ್ನೇ ನೋಡುತ್ತಿರಬೇಕು. ಸರದಿ ಹಾಕಿಕೊಳ್ಳಿ, ಯಾರ ಸರದಿ ಅಂತ ಬಾಯಿಬಿಟ್ಟು ಹೇಳಿ. ಎಲ್ಲರೂ ಇದ್ದಾರಲ್ಲ ಅಂದುಕೊಂಡಾಗಲೇ ಯಾರೂ ನೋಡುತ್ತಿರುವುದಿಲ್ಲ, ಅಲ್ವಾ?

ಹೊರಡುವ ಮೊದಲು ಮೆಟ್ಟಿಲು, ಆನಿಂಗ್, ಕಿಟಕಿ, ಗ್ಯಾಸ್ ಒಂದು ಸುತ್ತು ನೋಡಿ. ಕೊಳಕು ನೀರಿನ ಟ್ಯಾಂಕ್ ಖಾಲಿ ಮಾಡುವುದು ಡಂಪ್ ಸ್ಟೇಷನ್‌ನಲ್ಲಿ, ಅಂದರೆ ಅದಕ್ಕೆಂದೇ ಮಾಡಿದ ಜಾಗದಲ್ಲಿ ಮಾತ್ರ. ಕೈಗವಸು ಹಾಕಿಕೊಂಡು ಮೊದಲು ಟಾಯ್ಲೆಟ್ ಟ್ಯಾಂಕ್, ಆಮೇಲೆ ಸಿಂಕ್ ನೀರಿನ ಟ್ಯಾಂಕ್ ತೆರೆಯಿರಿ, ಆ ನೀರೇ ಪೈಪ್ ತೊಳೆದುಬಿಡುತ್ತದೆ.