ಹೈ-ರೆಸ್ ಡಿಸ್ಕ್: ನೋಡಿ ಕೊಳ್ಳುವುದು, ಸರಿಯಾಗಿ ಕೇಳುವುದು ಹೇಗೆ?

ಗಲ್ಫ್‌ನಿಂದ ರಜೆಗೆ ಬಂದವರ ಪೆಟ್ಟಿಗೆಯಿಂದಲೋ, ಆನ್‌ಲೈನ್‌ನಲ್ಲಿ ತರಿಸಿದ ಪೊಟ್ಟಣದಿಂದಲೋ ಒಂದು ಎಸ್‌ಎಸಿಡಿ (ಸೂಪರ್ ಆಡಿಯೊ ಸಿ.ಡಿ., ಅಂದರೆ ಸಿ.ಡಿ.ಗಿಂತ ಹೆಚ್ಚು ವಿವರವಾಗಿ ದನಿ ಹಿಡಿದಿಡುವ ‘ಹೈ-ರೆಸ್’ ಡಿಸ್ಕ್) ಕೈಗೆ ಬರುತ್ತದೆ. ಮನೆಯ ಡಿವಿಡಿ ಪ್ಲೇಯರಿಗೆ ಹಾಕುತ್ತೀರಿ. ಹಾಡುತ್ತದೆ, ಕೇಳಲು ಚೆನ್ನಾಗಿಯೂ ಇರುತ್ತದೆ. ಆದರೆ ನಿಮ್ಮ ಕಿವಿಗೆ ಬಿದ್ದದ್ದು ಅದರ ಸಿ.ಡಿ. ಪದರ ಮಾತ್ರ. ಹೆಚ್ಚು ದುಡ್ಡು ಕೊಟ್ಟದ್ದು ಯಾವ ಪದರಕ್ಕೋ ಅದನ್ನು ಆ ಪ್ಲೇಯರ್ ಮುಟ್ಟಿಯೇ ಇಲ್ಲ.

ಮಂಗಳೂರು, ಉಡುಪಿ, ಮಣಿಪಾಲದ ಕಡೆ ಮತ್ತೆ ಡಿಸ್ಕ್ ಕೂಡಿಡಲು ಹೊರಟವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಇವು ಎಲ್ಲಿ ಸಿಗುತ್ತವೆ, ಸಿ.ಡಿ.ಗಿಂತ ನಿಜಕ್ಕೂ ಮೇಲೇ? ಎರಡನೆಯದಕ್ಕೆ ನನ್ನ ಉತ್ತರ ಇಲ್ಲೇ ಹೇಳಿಬಿಡುತ್ತೇನೆ. ಡಿಸ್ಕಿನ ಲೋಗೊಗಿಂತ ಅದರೊಳಗಿನ ಮಾಸ್ಟರಿಂಗ್, ಅಂದರೆ ಡಿಸ್ಕಿಗೆ ಹಾಕುವ ಮೊದಲು ದನಿಯನ್ನು ಕೊನೆಯದಾಗಿ ಹದಗೊಳಿಸುವ ಕೆಲಸ, ದೊಡ್ಡದು. ಒಳ್ಳೆಯ ಮೂಲ ಟೇಪಿನಿಂದ ಎಚ್ಚರಿಕೆಯಿಂದ ತಯಾರಿಸಿದ ಸಿ.ಡಿ., ದನಿಯನ್ನು ಹಿಂಡಿ ಜೋರು ಮಾಡಿದ ಎಸ್‌ಎಸಿಡಿಯನ್ನು ಸುಲಭವಾಗಿ ಸೋಲಿಸುತ್ತದೆ. ಹಾಗಿದ್ದೂ ಈ ಡಿಸ್ಕುಗಳನ್ನು ಹುಡುಕಿ ಕೊಳ್ಳಲು ಕಾರಣವಿದೆ. ಇವುಗಳ ಮಾಸ್ಟರಿಂಗನ್ನು ಶ್ರದ್ಧೆಯಿಂದ ಮಾಡಿದವರು ಹೆಚ್ಚು.

ಮೊದಲು ಪೆಟ್ಟಿಗೆಯ ಹಿಂಬದಿ ಓದಿ

ಸೋನಿ ಮತ್ತು ಫಿಲಿಪ್ಸ್ 1999ರಲ್ಲಿ ತಂದದ್ದು ಎಸ್‌ಎಸಿಡಿ. ಸಿ.ಡಿ. ಒಂದು ಸೆಕೆಂಡಿಗೆ 44,100 ಸಲ 16 ಬಿಟ್‌ನ ಅಳತೆ ತೆಗೆದರೆ, ಇದು ಸೆಕೆಂಡಿಗೆ 28,22,400 ಸಲ ಒಂದೊಂದೇ ಬಿಟ್ ಬರೆಯುತ್ತದೆ. ಈ ವಿಧಾನದ ಹೆಸರು ಡಿಎಸ್‌ಡಿ. ಪೆಟ್ಟಿಗೆಯ ಮೇಲೆ ‘ಹೈಬ್ರಿಡ್’ ಎಂದಿದ್ದರೆ ಒಂದೇ ಡಿಸ್ಕಿನಲ್ಲಿ ಸಿ.ಡಿ. ಪದರವೂ ಉಂಟು, ಯಾವ ಪ್ಲೇಯರಿನಲ್ಲೂ ಹಾಡುತ್ತದೆ. ಹೈಬ್ರಿಡ್ ಅಲ್ಲದವೂ ಇವೆ, ಮುಖ್ಯವಾಗಿ ಸೋನಿಯ ಆರಂಭದ ಡಿಸ್ಕುಗಳು ಮತ್ತು ಜಪಾನಿನ ಎಸ್‌ಎಚ್‌ಎಂ-ಎಸ್‌ಎಸಿಡಿಗಳು. ಅವನ್ನು ಕಾರಿನ ಸಿ.ಡಿ. ಪ್ಲೇಯರಿಗೆ ಹಾಕಿದರೆ ಡಿಸ್ಕೇ ಇಲ್ಲ ಎನ್ನುತ್ತದೆ. ‘ಮಲ್ಟಿ-ಚಾನೆಲ್’ ಎಂದಿದ್ದರೆ ಸರೌಂಡ್ ಮಿಶ್ರಣವೂ ಇದೆ ಎಂದರ್ಥ.

2000ದಲ್ಲಿ ಬಂದ ಡಿವಿಡಿ-ಆಡಿಯೊ ಸ್ಟೀರಿಯೊದಲ್ಲಿ 24 ಬಿಟ್, 192 ಕಿಲೋಹರ್ಟ್ಸ್‌ವರೆಗೆ (ಸೆಕೆಂಡಿಗೆ 1,92,000 ಅಳತೆ) ಹೋಗುತ್ತದೆ. ಹೊಸ ಬಿಡುಗಡೆ ಈಗ ಅಪರೂಪ, ಹುಡುಕಬೇಕಾದದ್ದು ಸೆಕೆಂಡ್‌ಹ್ಯಾಂಡ್‌ನಲ್ಲಿ. ಬ್ಲೂ-ರೇ ಆಡಿಯೊ ಡಿಸ್ಕುಗಳು ಇವೆರಡಕ್ಕಿಂತ ಸಲೀಸು. ಯಾವ ಬ್ಲೂ-ರೇ ಪ್ಲೇಯರಿನಲ್ಲೂ ನಡೆಯುತ್ತವೆ, ಗುಣಮಟ್ಟವೂ 24 ಬಿಟ್, 192ರವರೆಗೆ ಸಿಗುತ್ತದೆ.

ಕೊಳ್ಳುವವರು ಎಡವುವುದು ಎಸ್‌ಎಚ್‌ಎಂ-ಸಿ.ಡಿ. ಮತ್ತು ಬ್ಲೂ-ಸ್ಪೆಕ್ ಸಿ.ಡಿ.ಗಳಲ್ಲಿ. ಜಪಾನಿನಿಂದ ಬಂದ ಇವುಗಳಲ್ಲಿ ಬದಲಾದದ್ದು ಪ್ಲಾಸ್ಟಿಕ್ಕೋ ತಯಾರಿಯ ವಿಧಾನವೋ ಅಷ್ಟೆ. ಒಳಗಿರುವುದು ಅದೇ 16 ಬಿಟ್, 44.1 ಕಿಲೋಹರ್ಟ್ಸ್. ಇವನ್ನು ಹೈ-ರೆಸ್ ಎಂದು ಯಾರಾದರೂ ಮಾರಿದರೆ ನಂಬಬೇಡಿ.

ಎಲ್ಲಿ ಸಿಗುತ್ತದೆ?

ಹಂಪನಕಟ್ಟೆಯಲ್ಲೋ ಉಡುಪಿಯ ರಥಬೀದಿಯ ಆಸುಪಾಸಿನಲ್ಲೋ ಅಂಗಡಿ ಅಂಗಡಿ ಅಲೆದು ಎಸ್‌ಎಸಿಡಿ ತರುತ್ತೇನೆಂದರೆ ಅದು ಆಗುವ ಕೆಲಸವಲ್ಲ. ಆನ್‌ಲೈನ್‌ನಲ್ಲಿ ವಿದೇಶದಿಂದ ತರಿಸಬೇಕು, ಇಲ್ಲವೇ ಹೊರಗಿನಿಂದ ಬರುವ ನೆಂಟರಿಗೆ ಹೇಳಿಡಬೇಕು. ತರಿಸುವುದಾದರೆ ಡಿಸ್ಕಿನ ಬೆಲೆಯ ಜೊತೆಗೆ ಸಾಗಣೆ, ಸುಂಕ ಎರಡನ್ನೂ ಕೂಡಿಸಿ ನೋಡಿ. ಒಂದೊಂದಾಗಿ ತರಿಸುವುದಕ್ಕಿಂತ ನಾಲ್ಕೈದು ಒಟ್ಟಿಗೆ ತರಿಸುವುದು ಲೇಸು. ಎಸ್‌ಎಸಿಡಿಗೆ ರೀಜನ್ ಕೋಡ್ ಇಲ್ಲ. ದುಬೈಯಲ್ಲಿ ಕೊಂಡದ್ದು ಕುಂದಾಪುರದಲ್ಲೂ ನಡೆಯುತ್ತದೆ.

ಏನು ಸಿಗುತ್ತದೆ ಎಂಬ ವಿಷಯದಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಜಾಝ್, ಹಳೆಯ ರಾಕ್ ಧಾರಾಳ. ಭಾರತೀಯ ಸಂಗೀತ ಬೆರಳೆಣಿಕೆಯಷ್ಟು. ವಿಶ್ವಮೋಹನ ಭಟ್ಟರು ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆ ನುಡಿಸಿ, 1993ರಲ್ಲಿ ಹೊರಬಂದ ಮುದ್ರಣ ಎಸ್‌ಎಸಿಡಿಯಲ್ಲೂ ಬಂದಿದೆ. ಅನಲಾಗ್ ಟೇಪಿನಲ್ಲಿ ಹಿಡಿದ ಆ ಮೋಹನವೀಣೆಯ ನಾದ ಒಮ್ಮೆ ಕೇಳಲೇಬೇಕಾದದ್ದು. ಕನ್ನಡ ಚಿತ್ರಗೀತೆ, ದಾಸರ ಪದ, ಯಕ್ಷಗಾನ ಈ ರೂಪದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ನಮ್ಮ ಸಂಗೀತಕ್ಕೆ ಈಗಲೂ ಸಿ.ಡಿ.ಯೇ ಗತಿ, ಅದರಲ್ಲಿ ನನಗೇನೂ ಕೊರಗಿಲ್ಲ.

ಪ್ಲೇಯರ್ ಮತ್ತು ವಯರು

ಕಂಪ್ಯೂಟರಿನ ಡಿಸ್ಕ್ ಡ್ರೈವ್ ಎಸ್‌ಎಸಿಡಿ ಪದರವನ್ನು ಓದುವುದಿಲ್ಲ. ಕೂಡಿಡುವವರ ಅಚ್ಚುಮೆಚ್ಚಿನ ಒಪ್ಪೊ ಕಂಪನಿ 2018ರಲ್ಲಿ ಹೊಸ ಪ್ಲೇಯರ್ ತರುವುದನ್ನೇ ನಿಲ್ಲಿಸಿತು. ಸೋನಿಯ ಯುಬಿಪಿ-ಎಕ್ಸ್800ಎಂ2 ಬ್ಲೂ-ರೇ ಪ್ಲೇಯರ್ ಎಸ್‌ಎಸಿಡಿ, ಡಿವಿಡಿ-ಆಡಿಯೊ ಎರಡನ್ನೂ ಓದುತ್ತದೆ, ಬೆಲೆಯಲ್ಲೂ ದುಬಾರಿ ಆಡಿಯೊ ಯಂತ್ರಗಳಿಗಿಂತ ಕೆಳಗೆ. ಸ್ಟೀರಿಯೊ ಮಾತ್ರ ಸಾಕೆಂದರೆ ಮರಾಂಟ್ಜ್, ಡೆನಾನ್ ಕಂಪನಿಗಳ ಎಸ್‌ಎಸಿಡಿ ಪ್ಲೇಯರುಗಳಿವೆ. ಹಳೆಯ ಪ್ಲೇಸ್ಟೇಷನ್ 3 ಮೂಲೆಯಲ್ಲಿ ಬಿದ್ದಿದ್ದರೆ ಗುಜರಿಗೆ ಹಾಕುವ ಮೊದಲು ಮಾಡೆಲ್ ನೋಡಿ. ಆರಂಭದ ಕೆಲವು ಮಾಡೆಲ್‌ಗಳು ಎಸ್‌ಎಸಿಡಿ ಓದುತ್ತವೆ.

ಇನ್ನು ಸೆಟ್ಟಿಂಗ್. ಇಲ್ಲಿ ಅವಸರ ಬೇಡ. ಪ್ಲೇಯರಿನ ಮೆನುವಿನಲ್ಲಿ ಎಸ್‌ಎಸಿಡಿ ಪದರಕ್ಕೆ ಆದ್ಯತೆಯೋ ಸಿ.ಡಿ. ಪದರಕ್ಕೋ ಎಂದು ಕೇಳುವ ಆಯ್ಕೆ ಇರುತ್ತದೆ. ಇದು ಸಿ.ಡಿ.ಯಲ್ಲಿ ನಿಂತಿದ್ದರೆ ಸಾವಿರಾರು ರೂಪಾಯಿಯ ಯಂತ್ರದಲ್ಲೂ ವರ್ಷಗಟ್ಟಲೆ ಸಿ.ಡಿ.ಯನ್ನೇ ಕೇಳುತ್ತೀರಿ, ಗೊತ್ತೂ ಆಗುವುದಿಲ್ಲ. ಅದರ ಪಕ್ಕದಲ್ಲೇ ಸ್ಟೀರಿಯೊ ಬೇಕೋ ಮಲ್ಟಿ-ಚಾನೆಲ್ ಬೇಕೋ ಎಂಬ ಆಯ್ಕೆ. ಎರಡೇ ಸ್ಪೀಕರ್ ಇರುವವರು ಸ್ಟೀರಿಯೊ ಆರಿಸಿ.

ಆಂಪ್ಲಿಫೈಯರಿಗೆ ಎಚ್‌ಡಿಎಂಐ ವಯರನ್ನೇ ಹಾಕಿ. ಆಪ್ಟಿಕಲ್, ಕೊಯಾಕ್ಸಿಯಲ್ ವಯರಿನಲ್ಲಿ ಡಿಎಸ್‌ಡಿ ಹೊರಡುವುದಿಲ್ಲ. ಎಚ್‌ಡಿಎಂಐ ಇಲ್ಲದ ಹಳೆಯ ಸ್ಟೀರಿಯೊ ಆಂಪ್ಲಿಫೈಯರ್ ಇದ್ದರೆ ಪ್ಲೇಯರಿನಲ್ಲಿ ಕೆಂಪು–ಬಿಳಿ ಅನಲಾಗ್ ಕಿಂಡಿ ಇದೆಯೇ ಎಂದು ಕೊಳ್ಳುವ ಮೊದಲೇ ಖಚಿತ ಮಾಡಿಕೊಳ್ಳಿ, ಈಗಿನ ಎಷ್ಟೋ ಬ್ಲೂ-ರೇ ಪ್ಲೇಯರುಗಳಲ್ಲಿ ಅದಿಲ್ಲ. ಮೆನುವಿನಲ್ಲಿ ಡಿಎಸ್‌ಡಿ ಔಟ್‌ಪುಟ್ ಅನ್ನು ‘ಆಟೊ’ದಲ್ಲಿ ಇಡಿ. ಆಂಪ್ಲಿಫೈಯರಿಗೆ ಡಿಎಸ್‌ಡಿ ಅರ್ಥವಾಗದಿದ್ದರೆ ಪ್ಲೇಯರೇ ಅದನ್ನು ಪಿಸಿಎಂ (ಸಿ.ಡಿ.ಯಂತೆ ಹಲವು ಬಿಟ್‌ಗಳ ಅಳತೆಯ ವಿಧಾನ) ಮಾಡಿ ಕಳಿಸುತ್ತದೆ, ಅದರಿಂದ ಹೆದರುವಂಥದ್ದೇನೂ ಇಲ್ಲ. ಕೊನೆಗೆ ಆಂಪ್ಲಿಫೈಯರಿನ ಡಿಸ್‌ಪ್ಲೇ ನೋಡಿ. ‘ಡಿಎಸ್‌ಡಿ’ ಎಂದೋ 88.2, 176.4 ಎಂದೋ ಬಂದರೆ ಸರಿಯಿದೆ. 44.1 ಎಂದು ಬಂದರೆ ಮತ್ತೆ ಮೆನುವಿಗೆ ಹೋಗಿ.

ಕಿವಿಯಿಂದ ಪರೀಕ್ಷಿಸುವುದು

ಸಂಶೋಧನೆ ಎರಡೂ ಕಡೆ ವಾಲಿದೆ. 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬ ಅಮೆರಿಕದ ಇಬ್ಬರು ಎಸ್‌ಎಸಿಡಿ, ಡಿವಿಡಿ-ಆಡಿಯೊಗಳ ದನಿಯನ್ನು ಇದ್ದ ಹಾಗೆಯೂ, ನಡುವೆ ಸಿ.ಡಿ. ಗುಣಮಟ್ಟಕ್ಕೆ ಇಳಿಸಿಯೂ ಕೇಳಿಸಿ, ಯಾವುದು ಯಾವುದೆಂದು ಗುರುತಿಸಲು ಹೇಳಿದರು. 554 ಸಲದ ಪರೀಕ್ಷೆಯಲ್ಲಿ ಉತ್ತರ ಸರಿಯಾದದ್ದು ಅರ್ಧದಷ್ಟು ಮಾತ್ರ, ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. 2016ರಲ್ಲಿ ಲಂಡನ್ನಿನ ಜೋಶುವಾ ರೈಸ್ ಹಿಂದಿನ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿದಾಗ ಸರಿಯುತ್ತರ ಶೇ 52ರ ಸುಮಾರಿಗೆ ಬಂತು. ತರಬೇತಿ ಪಡೆದ ಕಿವಿಗಳಿಗೆ ಇನ್ನಷ್ಟು ಹೆಚ್ಚು. ವ್ಯತ್ಯಾಸ ಇದ್ದರೂ ಕೂದಲೆಳೆಯಷ್ಟು ಎಂದಾಯಿತು. ನಮ್ಮ ಕಿವಿಗೆ ಏನು ಕೇಳುತ್ತದೆ ಎಂದು ನಾವೇ ನೋಡುವುದು ಒಳ್ಳೆಯದು.

ಹೈಬ್ರಿಡ್ ಡಿಸ್ಕಿನ ಎರಡು ಪದರಗಳನ್ನು ಅದಲುಬದಲು ಮಾಡಿ ಕೇಳುವುದು ಎಲ್ಲರಿಗೂ ಹೊಳೆಯುವ ದಾರಿ. ಆದರೆ ಅದು ಮೋಸ ಮಾಡುತ್ತದೆ. ಎರಡು ಪದರಗಳ ಮಾಸ್ಟರಿಂಗ್ ಬೇರೆಯಾಗಿರಬಹುದು, ದನಿಯ ಮಟ್ಟವೂ ಬೇರೆ. ಒಂದು ಡೆಸಿಬೆಲ್ ಜೋರಾಗಿದ್ದರೂ ಮನಸ್ಸು ಅದನ್ನೇ ಉತ್ತಮ ಎಂದು ಆರಿಸಿಬಿಡುತ್ತದೆ. ಮಟ್ಟ ಸರಿಹೊಂದಿಸಲು ತಂಬೂರಿಯ ಶ್ರುತಿಯಂತೆ ಏರಿಳಿತವಿಲ್ಲದ ಭಾಗವನ್ನು ಹಾಕಿ, ಮೊಬೈಲಿನ ಸೌಂಡ್ ಮೀಟರ್ ಆಪ್ ಅನ್ನು ಕೂರುವ ಜಾಗದಲ್ಲೇ ಇಟ್ಟು, ಎರಡೂ ಒಂದೇ ಅಂಕಿ ತೋರಿಸುವವರೆಗೆ ವಾಲ್ಯೂಮ್ ತಿರುಗಿಸಿ.

ಇದಕ್ಕಿಂತ ಗಟ್ಟಿ ಪರೀಕ್ಷೆ ಕಂಪ್ಯೂಟರಿನಲ್ಲಿ. ನಾರ್ವೆಯ 2ಎಲ್ ಎಂಬ ಧ್ವನಿಮುದ್ರಣ ಸಂಸ್ಥೆ ಒಂದೇ ಮುದ್ರಣವನ್ನು ಬೇರೆ ಬೇರೆ ಗುಣಮಟ್ಟದಲ್ಲಿ ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟುಕೊಂಡು ಬಂದಿದೆ. ಅದರ ಒಂದು 24 ಬಿಟ್ ಫೈಲನ್ನು ಇಳಿಸಿಕೊಂಡು, ಅದರಿಂದಲೇ 16 ಬಿಟ್, 44.1ರ ಪ್ರತಿ ತಯಾರಿಸಿ, ಫೂಬಾರ್2000 ಎಂಬ ಉಚಿತ ಪ್ಲೇಯರಿನ ಎಬಿಎಕ್ಸ್ ಸೌಲಭ್ಯಕ್ಕೆ ಎರಡನ್ನೂ ಹಾಕಿ. ಯಾವುದು ಯಾವುದೆಂದು ಹೇಳದೆ ಅದು ಕೇಳಿಸುತ್ತದೆ, ನೀವು ಗುರುತಿಸಬೇಕು. 16 ಸಲದಲ್ಲಿ 12 ಸಲ ಸರಿ ಹೇಳಿದರೆ ಅದು ಬರೀ ಅದೃಷ್ಟವಾಗಿರುವ ಸಾಧ್ಯತೆ ಶೇ 4ಕ್ಕಿಂತ ಕಡಿಮೆ. ಹೆಡ್‌ಫೋನ್ ಬಳಸಿ, ದಣಿದಾಗ ನಿಲ್ಲಿಸಿ. ಇಡೀ ಹಾಡು ಬೇಡ, ಐದಾರು ಸೆಕೆಂಡಿನ ತುಣುಕು ಸಾಕು.

ಫ್ಯಾನ್ ನಿಲ್ಲಿಸುವುದನ್ನು ಮರೆಯಬೇಡಿ. ಫ್ಯಾನ್ ತಿರುಗುವ ಕೋಣೆಯಲ್ಲಿ ಸದ್ದು 40 ಡೆಸಿಬೆಲ್ ದಾಟುವುದು ಮಾಮೂಲು. ಸಿ.ಡಿ.ಯ ವ್ಯಾಪ್ತಿಯೇ, ಅಂದರೆ ಅತಿ ಮೆಲ್ಲನೆಯ ದನಿಗೂ ಅತಿ ಜೋರಿನದಕ್ಕೂ ನಡುವಿನ ಅಂತರವೇ, ಸುಮಾರು 96 ಡೆಸಿಬೆಲ್. ಎರಡನ್ನೂ ಕೂಡಿಸಿದರೆ ಕಿವಿ ನೋಯುವ ಮಟ್ಟ ಮೀರಿತು. ಎಸ್‌ಎಸಿಡಿಯ 120 ಡೆಸಿಬೆಲ್ ಪೂರ್ತಿ ಅನುಭವಿಸುವ ಕೋಣೆ ನಮ್ಮ ಯಾರ ಮನೆಯಲ್ಲೂ ಇಲ್ಲ. ಜೂನ್, ಜುಲೈಯಲ್ಲಿ ಹಂಚಿನ ಮಾಡಿನ ಮೇಲೆ ಮಳೆ ಬಾರಿಸುವಾಗಂತೂ ಈ ಪರೀಕ್ಷೆಗೆ ಕೂರಲೇಬೇಡಿ.

ಆ ಹೆಚ್ಚುವರಿ ಬಿಟ್ಟುಗಳು ನಿಜವಾಗಿ ಬೇಕಾಗುವುದು ಧ್ವನಿಮುದ್ರಣ ಮಾಡುವವರಿಗೆ. ಬಯಲಾಟ ರೆಕಾರ್ಡ್ ಮಾಡುವಾಗ ಭಾಗವತರ ಮೆಲುದನಿಯ ಆಲಾಪದ ಬೆನ್ನಿಗೇ ಚೆಂಡೆಯ ಪೆಟ್ಟು ಬೀಳುತ್ತದೆ. ಆ ಪೆಟ್ಟಿಗೆ ದನಿ ಒಡೆಯದಂತೆ ಮಟ್ಟವನ್ನು ತಗ್ಗಿಸಿಯೇ ಇಡಬೇಕು, ತಗ್ಗಿಸಿದರೆ 16 ಬಿಟ್‌ನಲ್ಲಿ ಆಲಾಪ ಗೊರಗೊರ ಸದ್ದಿನ ಹತ್ತಿರಕ್ಕೆ ಇಳಿಯುತ್ತದೆ. 24 ಬಿಟ್‌ನಲ್ಲಿ ಆ ಭಯವಿಲ್ಲ. ಮನೆಯಲ್ಲಿರುವ ತಾಳಮದ್ದಳೆಯ ಹಳೆಯ ಕ್ಯಾಸೆಟ್ಟುಗಳನ್ನು ಡಿಜಿಟಲ್ ಮಾಡಿಸುವವರು 24 ಬಿಟ್, 96 ಕಿಲೋಹರ್ಟ್ಸ್‌ನಲ್ಲೇ ಮಾಡಿಸಿ. ಕೇಳುವ ಪ್ರತಿಯನ್ನು ಆಮೇಲೆ ಸಿ.ಡಿ. ಮಟ್ಟಕ್ಕೆ ಇಳಿಸಿಕೊಳ್ಳಬಹುದು.

ಕರಾವಳಿಯ ತೇವದಲ್ಲಿ ಕಾಪಾಡುವುದು

ಇಲ್ಲಿ ಡಿಸ್ಕಿಗೆ ಗೀರಿಗಿಂತ ದೊಡ್ಡ ಶತ್ರು ಬೂಸ್ಟು. ಅದು ಮೊದಲು ಹಿಡಿಯುವುದು ಒಳಗಿನ ಕಾಗದದ ಪುಸ್ತಿಕೆಗೆ, ಅಲ್ಲಿಂದ ಡಿಸ್ಕಿಗೆ. ಮಳೆಗಾಲದಲ್ಲಿ ಪುಸ್ತಿಕೆಗಳನ್ನು ಬೇರೆ ತೆಗೆದಿಡಿ, ಮುಚ್ಚಳ ಗಟ್ಟಿಯಿರುವ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಡಿಸ್ಕುಗಳನ್ನು ನಿಲ್ಲಿಸಿಡಿ. ಹಳೆಯ ಜೋಡಿ ಡಿಸ್ಕಿನ ಪೆಟ್ಟಿಗೆಯಲ್ಲಿ ಸ್ಪಂಜಿನ ಹಾಳೆ ಇದ್ದರೆ ಇಂದೇ ಎಸೆಯಿರಿ, ಅದು ಕರಗಿ ಡಿಸ್ಕಿಗೆ ಅಂಟುತ್ತದೆ. ಒರೆಸುವಾಗ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಲೂ ತಿರುಗಿಸಬೇಡಿ. ಹೈಬ್ರಿಡ್ ಡಿಸ್ಕಿನ ಸಿ.ಡಿ. ಪದರ ಇರುವುದು ಲೇಬಲ್‌ನ ಅಡಿಯಲ್ಲೇ, ಆದ್ದರಿಂದ ಆ ಬದಿಯಲ್ಲಿ ಪೆನ್ನಿನಿಂದ ಹೆಸರು ಬರೆಯುವುದೂ ಬೇಡ.

ಪ್ಲೇಯರನ್ನು ಮಳೆಗಾಲ ಪೂರ್ತಿ ಮುಚ್ಚಿಡಬೇಡಿ. ಲೆನ್ಸಿಗೂ ಬೂಸ್ಟು ಹಿಡಿಯುತ್ತದೆ. ವಾರಕ್ಕೊಮ್ಮೆಯಾದರೂ ಒಂದು ಡಿಸ್ಕ್ ಪೂರ್ತಿ ಹಾಕಿ ಕೇಳಿ, ಒಳಗಿನ ಬಿಸಿಗೆ ತೇವ ಆರುತ್ತದೆ.