ನವೆಂಬರ್ ಮೂರನೇ ಭಾನುವಾರ ನಮ್ಮ ಊರಲ್ಲಿ ಏನು ಮಾಡ್ಬಹುದು

ರಸ್ತೆ ಅಪಘಾತದಲ್ಲಿ ತೀರಿಹೋದವರನ್ನ ನೆನೆಯೋ ದಿನ ಅಂತ ಒಂದು ಉಂಟು, ಪ್ರತಿ ವರ್ಷ ನವೆಂಬರ್ ಮೂರನೇ ಭಾನುವಾರ, 2005ರಲ್ಲಿ ವಿಶ್ವಸಂಸ್ಥೆನೂ ಒಪ್ಪಿದ್ದು. ಜಗತ್ತಲ್ಲಿ ವರ್ಷಕ್ಕೆ ಸುಮಾರು 12 ಲಕ್ಷ ಜನ ಹೀಗೆ ಹೋಗ್ತಾರೆ ಮಾರಾಯ್ರೆ.

ಮೊದಲು ಮನೆಯವರ ಹತ್ರ ಹೋಗಿ ಕೇಳಿ, ಅವರು ಒಪ್ಪಿದ್ರೆ ಮಾತ್ರ ಹೆಸರು ಫೋಟೋ ಹಾಕಿ, ಅಪಘಾತದ ವಿಡಿಯೋ ಅಂತೂ ಯಾವ ಗ್ರೂಪಿಗೂ ಬೇಡವೇ ಬೇಡ. ಕ್ಯಾಂಡಲ್ ಹಚ್ಚೋದು ಶಾಲೆ ಮೈದಾನದಲ್ಲೋ ಸಂಘದ ಕಟ್ಟಡದಲ್ಲೋ ಇಟ್ಕೊಳ್ಳಿ, ಹೈವೇ ಬದಿಯಲ್ಲಿ ಜನ ಸೇರಿಸೋದು ಅಪಾಯ.

ಆಮೇಲೆ ಮುಖ್ಯ ಕೆಲಸ. ಸುರತ್ಕಲ್‌ನಿಂದ ಪಡುಬಿದ್ರಿ, ಕಾಪು, ಉಡುಪಿ ತನಕ ಎನ್‌ಎಚ್ 66ರಲ್ಲಿ ನಿಮ್ಮೂರಿನ ಕ್ರಾಸಿಂಗ್ ಯಾವ್ದೋ ಅದನ್ನ ಹಗಲು ಒಮ್ಮೆ ರಾತ್ರಿ ಒಮ್ಮೆ ನೋಡಿ, ಬೀದಿದೀಪ ಉಂಟಾ, ಮಕ್ಕಳು ಎಲ್ಲಿ ದಾಟ್ತಾರೆ, ಬಸ್ ಎಲ್ಲಿ ನಿಲ್ತದೆ, ಮಳೆಗೆ ರಸ್ತೆ ಮೇಲಿನ ಬಿಳಿ ಪಟ್ಟಿ ಅಳಿಸಿ ಹೋಗಿದ್ಯಾ ಎಲ್ಲ ಫೋಟೋ ಸಮೇತ ಬರೆದು ಜಿಲ್ಲಾಧಿಕಾರಿಗೆ ಮನವಿ ಕೊಡಿ, ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳದೆ ಬರ್ಬೇಡಿ. ಹೈವೇ ದೂರಿಗೆ 1033.

ಬಂದವರಿಗೆಲ್ಲ ಇದೊಂದು ಖಂಡಿತ ಹೇಳಿ: ಗಾಯಾಳುವನ್ನ ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳ್ಲೇಬೇಕು ಅಂತ ಪೊಲೀಸ್ರು ಒತ್ತಾಯ ಮಾಡೋಹಾಗಿಲ್ಲ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲೇ ರಕ್ಷಣೆ ಉಂಟು, ಹೆದರ್ಕೊಂಡು ನಿಂತು ನೋಡೋದು ಬೇಡ, ಕೂಡ್ಲೇ 108ಕ್ಕೆ ಫೋನ್ ಮಾಡಿ.